ಪಂಚಮಿಯ ಕತ್ತರಿ

ನಾಗಪಂಚಮಿಯ ಹಿಂದಿನ ದಿನ ಪ್ರಮಿಲಾ ಹೊಟ್ಟೆಗೆ ಒಂದು ಕಾಳೂ ಹಾಕುವುದಿಲ್ಲ. ಅದು ತಮ್ಮನ ಹೆಸರಿನ ಉಪವಾಸ. ಬೀದರ ಸೀಮೆಯ ಮರಾಠಿ ಬಲ್ಲ ಮನೆಗಳಲ್ಲಿ ಹೆಣ್ಣುಮಕ್ಕಳು ಇದನ್ನು ತಪ್ಪದೆ ಹಿಡಿಯುತ್ತಾರೆ. ಒಡಹುಟ್ಟಿದವನು ನೂರು ಕಾಲ ಬಾಳಲಿ ಎಂದು ದಿನವಿಡೀ ಹಸಿದುಕೊಂಡಿದ್ದು, ಮರುದಿನ ನಾಗಪ್ಪನನ್ನೇ ಅಣ್ಣ ಎಂದು ಕರೆದು ಹಾಲೆರೆದು ಉಪವಾಸ ಬಿಡುತ್ತಾರೆ. ಅಣ್ಣತಮ್ಮಂದಿರು ಆ ದಿನವೂ ಹೊಟ್ಟೆ ತುಂಬ ಉಂಡು ತಿರುಗುತ್ತಾರೆ, ಆ ಮಾತು ಬೇರೆ.

ಪಂಚಮಿಯ ದಿನಕ್ಕೆ ಇನ್ನೊಂದು ಕಟ್ಟಳೆ ಇದೆ. ಅಂದು ಮನೆಯಲ್ಲಿ ಏನನ್ನೂ ಕೊಯ್ಯುವಂತಿಲ್ಲ, ಹೆಚ್ಚುವಂತಿಲ್ಲ, ಕತ್ತರಿಸುವಂತಿಲ್ಲ. ಈಳಿಗೆ, ಚಾಕು, ಕತ್ತರಿ ಎಲ್ಲವೂ ಹಿಂದಿನ ಸಂಜೆಯೇ ಕಣ್ಣಿಗೆ ಬೀಳದ ಹಾಗೆ ಮೇಲೆ ಸೇರುತ್ತವೆ. ಒಲೆಯ ಮೇಲೆ ಹಂಚು ಏರುವುದಿಲ್ಲ, ಅಡುಗೆಯೆಂದರೆ ಹಬೆಯಲ್ಲಿ ಬೆಂದ ಕಡಬು. ಅಂದು ಎತ್ತಿದ ಕಬ್ಬಿಣ ನಾಗಪ್ಪನಿಗೆ ತಾಗುತ್ತದೆ, ನಾಗಪ್ಪನಿಗೆ ತಾಗಿದ್ದು ಅಣ್ಣತಮ್ಮಂದಿರಿಗೆ ತಾಗುತ್ತದೆ ಎಂದು ಹಿರಿಯರ ನಂಬಿಕೆ.

ಬೇರೆಯವರಿಗೆ ಇದು ಬರೀ ಹಬ್ಬದ ರೀತಿ. ಪ್ರಮಿಲಾಳಿಗೆ ಹಾಗಲ್ಲ. ಔರಾದ ತಾಲೂಕಿನ ಸಂತಪುರದಲ್ಲಿ ಅವಳು ಸಣ್ಣವಳಿದ್ದಾಗ, ಒಂದು ಪಂಚಮಿಯಂದು ಹೇಳದೆ ಕೇಳದೆ ನೆಂಟರು ಬಂದಿಳಿದರು. ಪಲ್ಯ ಸಾಲದೆಂದು ಅವ್ವ ಹಿತ್ತಲಿನ ಹೀರೇಕಾಯಿ ಕಿತ್ತು ಹೆಚ್ಚಿದಳು. ಆ ವರ್ಷ ದೀಪಾವಳಿ ಬರುವುದರೊಳಗೆ ನಡುವಿನ ತಮ್ಮ ಆಶೀಷ ಜ್ವರದಲ್ಲಿ ಹೋಗಿಬಿಟ್ಟ. ಔರಾದದ ಡಾಕ್ಟರು ಟೈಫಾಯ್ಡ್ ಎಂದರು. ಅವ್ವ ಮಾತ್ರ, "ನನ್ನ ಈಳಿಗಿನೇ ನನ್ನ ಕೂಸಿನ್ನ ಕೊಯ್ತು" ಎಂದು ಸಾಯುವತನಕ ಹೇಳಿದಳು. ಅಂದಿನಿಂದ ಪ್ರಮಿಲಾ ಪಂಚಮಿಯ ದಿನ ಉಗುರನ್ನು ಕೂಡ ಕತ್ತರಿಸಿದವಳಲ್ಲ. ಉಳಿದವನು ಭಾಲಚಂದ್ರ ಒಬ್ಬನೇ. ಅವಳು ಮದುವೆಯಾಗಿ ಭಾಲ್ಕಿ ಸೇರಿದಳು, ಅವನು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ ಹಿಡಿದು ದೊಡ್ಡ ಸಾವಕಾರನಾದ. ನನ್ನ ಹಸಿವೇ ಅವನನ್ನು ಕಾಯುತ್ತಿದೆ ಎಂದು ಅಕ್ಕ ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದಳು.

ಆ ಭಾಲಚಂದ್ರ ಹೋದ ವರ್ಷ ಭಾಲ್ಕಿ ರಸ್ತೆಯಲ್ಲಿದ್ದ ತನ್ನ ಹೊಲಕ್ಕೆ ಬೇಲಿ ಹಾಕಿಸಿ, ತಗಡಿನ ದೊಡ್ಡ ಶೆಡ್ಡು ಕಟ್ಟಿಸಿ, ನೋಡಲು ಬರುವವರಿಗೆಂದು ಹಾವು, ಉಡ, ಆಮೆಗಳನ್ನು ತಂದಿಟ್ಟು, 'ನಾಗಲೋಕ' ಎಂದು ಹೆಸರಿಟ್ಟ. ಜನ ಮಕ್ಕಳುಮರಿ ಕಟ್ಟಿಕೊಂಡು ಬಂದರು. ಅಡ್ಡಿ ಮಾಡಬೇಕಾದ ಅರಣ್ಯ ಇಲಾಖೆಯವರೂ ಕುಟುಂಬ ಸಮೇತ ಬಂದು, ಹೆಬ್ಬಾವನ್ನು ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಂಡು, ಚಹಾ ಕುಡಿದು ಹೋದರು. ಹಾವಿಗೆ ಬಾಯಿಲ್ಲ, ದೂರು ಕೊಡುವವರು ಯಾರು?

ಈ ಸಲದ ಪಂಚಮಿಗೆಂದು ಹಿಂದಿನ ದಿನವೇ ಭಾಲ್ಕಿಯಿಂದ ಬೀದರಿಗೆ ಬಸ್ಸಿನಲ್ಲಿ ಬರುವಾಗ ಪ್ರಮಿಲಾ ದಾರಿಯುದ್ದಕ್ಕೂ ತಮ್ಮನ ಫ್ಲೆಕ್ಸುಗಳನ್ನು ನೋಡಿದಳು. 'ಪಂಚಮಿಗೆ ಜೀವಂತ ನಾಗಪ್ಪನಿಗೆ ನಿಮ್ಮ ಕೈಯಾರೆ ಹಾಲೆರೆಯಿರಿ' ಎಂದು ಬರೆದು, ಕೆಳಗೆ ಕೈ ಮುಗಿದ ಭಾಲಚಂದ್ರನ ಚಿತ್ರ. ಪಕ್ಕದಲ್ಲಿ ಕೂತ ಹೆಂಗಸಿಗೆ, "ನಮ್ಮ ತಮ್ಮರಿ" ಎಂದು ತೋರಿಸಿದಳು. ಹುತ್ತಕ್ಕೆ ಎರೆಯುವ ಹಾಲು ಮಣ್ಣಿಗೆ ಹೋಗುತ್ತದೆ, ಇಲ್ಲಿ ನಾಗಪ್ಪನೇ ಎದುರು ಕೂತು ಕುಡಿಯುತ್ತಾನೆ. ಇಂಥ ಪುಣ್ಯ ತನ್ನ ತಮ್ಮನಿಂದ ಆಗುತ್ತಿದೆಯಲ್ಲ ಎಂದು ಅವಳ ಖಾಲಿ ಹೊಟ್ಟೆ ಅರ್ಧ ತುಂಬಿತು. ಊರೊಳಗೆ ಹೋಗುವ ಮೊದಲು ನಾಗಲೋಕದ ಎದುರೇ ಬಸ್ಸು ನಿಲ್ಲಿಸಿ ಇಳಿದಳು.

ಶೆಡ್ಡಿನೊಳಗೆ ಕಾಲಿಡುತ್ತಲೇ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಹೊರಗೆ ಶ್ರಾವಣದ ತಂಪು, ಒಳಗೆ ಉರಿಯುವ ದೊಡ್ಡ ಬಲ್ಬುಗಳ ಧಗೆ. ಗಾಜಿನ ಪೆಟ್ಟಿಗೆಯಲ್ಲಿ ಹೆಬ್ಬಾವು ತನ್ನ ಹೊಲಸಿನ ಮೇಲೆಯೇ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಅದನ್ನು ಎಬ್ಬಿಸಲೆಂದು ಒಬ್ಬ ಮನುಷ್ಯ ಬೈಕಿನ ಕೀಲಿಯಿಂದ ಗಾಜು ಕುಟ್ಟುತ್ತಿದ್ದ. ಉಡದ ಸೊಂಟಕ್ಕೆ ಕಟ್ಟಿದ ಹಗ್ಗ ಚರ್ಮದೊಳಗೆ ಇಳಿದಿತ್ತು. ಆಮೆಗಳ ಬೆನ್ನಿನ ಮೇಲೆ ಬಂದವರು ತಮ್ಮ ಹೆಸರನ್ನೂ ಪ್ರೀತಿಸಿದವರ ಹೆಸರನ್ನೂ ಬಣ್ಣದಲ್ಲಿ ಬರೆದಿದ್ದರು. ನಮ್ಮ ಹೊಲಗಳಲ್ಲಿ ಇಲಿ ಹಿಡಿದು ತಿರುಗುವ ಕೇರೆ ಹಾವಿನ ಮುಂದೆ 'ಆಫ್ರಿಕಾದ ವಿಷಸರ್ಪ' ಎಂಬ ಹಲಗೆ. ಅದೊಂದಕ್ಕೆ ಪ್ರಮಿಲಾಳಿಗೆ ನಗು ಬಂತು. ಆಮೇಲೆ ಬರಲಿಲ್ಲ.

ಕಡೆಯ ಪೆಟ್ಟಿಗೆಯಲ್ಲಿ ನಾಗರಹಾವಿತ್ತು. ಗೋಧಿ ಬಣ್ಣದ ಮೈ ಬಾಡಿ ಸುಕ್ಕು ಬಿದ್ದಿತ್ತು. ಮೂಲೆಯ ನೀರಿನ ಬಟ್ಟಲು ಒಣಗಿ ಧೂಳು ಹಿಡಿದಿತ್ತು. ಪ್ರಮಿಲಾ ಕೈ ಮುಗಿದು ಬಗ್ಗಿದಳು. ಹಾವಿನ ತುಟಿಯ ಅಂಚಿನಲ್ಲಿ ಏನೋ ಕಪ್ಪಗೆ ಕಂಡಿತು.

"ಇದರ ಬಾಯಿಗಿ ಏನು ಹತ್ತ್ಯಾದರಿ?" ಎಂದು ಹಾವು ನೋಡಿಕೊಳ್ಳುವ ನಜಮೋದ್ದೀನನನ್ನು ಕೇಳಿದಳು. ಔರಾದ ಕಡೆಯವನು ಅವನು. ಮೊದಲು ಮನೆಗಳಿಗೆ ನುಗ್ಗಿದ ಹಾವು ಹಿಡಿದು ಬಿಟ್ಟುಬರುತ್ತಿದ್ದವನನ್ನು ಭಾಲಚಂದ್ರ ಸಂಬಳಕ್ಕೆ ಇಟ್ಟುಕೊಂಡಿದ್ದ.

"ದಾರ ಅದರಿ ಅಕ್ಕಾರ."

"ದಾರ ಯಾಕ?"

"ಬಾಯಿ ಹೊಲದೀವ್ರಿ. ನಾಳಿ ಹೆಣ್ಮಕ್ಕಳು ಮುಂದ ಕೂಡ್ತಾರಲ್ಲ. ಬರೇ ಹಲ್ಲು ಕಿತ್ತರ ಮತ್ತ ಬರ್ತಾವ. ಮುಂದಿನ ಕಡಿ ಜರಾ ಸಂದು ಬಿಟ್ಟೀನ್ರಿ, ನಾಲಿಗಿ ಹೊರಗ ಬರ್ಲಿಕ್ಕ, ಹಾಲು ಒಳಗ ಹೋಗ್ಲಿಕ್ಕ."

"ಬಾಯಿ ಹೊಲದ ಮ್ಯಾಲ ಹಾವು ಹಾಲು ಕುಡೀತದೇನು?"

ನಜಮೋದ್ದೀನ ನೆಲ ನೋಡಿದ. "ನೀರು ಬಂದ್ ಮಾಡಿದ್ರ ಕುಡೀತದರಿ. ನೀರಂತ ತಿಳಕೊಂಡು ಕುಡೀತದ. ಅದಕ್ಕೇ ಸಾವಕಾರ್ರು ನೀರು ಇಡಬ್ಯಾಡ ಅಂದಾರ."

ಎಕಂಬಾ ಊರಿನ ಒಂದು ಹೊಲದ ಜೋಳದ ಕಣಕಿ ಬಣವೆಯಲ್ಲಿ ಸಿಕ್ಕ ಹಾವು ಅದು. ದೂರ ಬಿಟ್ಟುಬರ್ತೇನೆ ಎಂದು ಹೊಲದ ಹೆಣ್ಣುಮಗಳಿಗೆ ಮಾತು ಕೊಟ್ಟು ತಂದಿದ್ದ. ಅದನ್ನೂ ಅವನೇ ಹೇಳಿದ, ಬೇರೆ ಯಾರೋ ಮಾಡಿದ್ದನ್ನು ಹೇಳುವವರ ಹಾಗೆ.

ಪ್ರಮಿಲಾ ಬೆಳಗಿನಿಂದ ಹಸಿದಿದ್ದುದು ಈ ನಾಗಪ್ಪನನ್ನು ನಂಬಿ. ಅವಳಾದರೋ ಗುಟುಕು ನೀರು ಕುಡಿದಿದ್ದಳು.

ಮನೆಗೆ ಹೋದವಳೇ ತಮ್ಮನನ್ನು ಹಿಡಿದಳು. "ಭಾಲೂ, ಆ ನಾಗಪ್ಪನ ಬಾಯಿ ಹೊಲಿಸೀಯೇನು?"

"ನಾ ಎಲ್ಲಿ ಹೊಲಿಸೀನಿ? ನಜಮೋದ್ದೀನ ಹೊಲದಾನ."

"ಯಾರ ಮಾತು ಕೇಳಿ ಹೊಲದಾನ ಅವ?"

ಭಾಲಚಂದ್ರನಿಗೆ ಸಿಟ್ಟು ಬರುವುದಿಲ್ಲ. ಗಂಜಿನಲ್ಲಿ ರೇಟಿಗೆ ಜಗಳ ತೆಗೆದವರನ್ನೂ ಅವನು ಬೆಣ್ಣೆ ಹಚ್ಚಿಯೇ ಕಳಿಸುವುದು. ಅಕ್ಕನನ್ನು ಕೂಡಿಸಿ, ಕಾಲ ಹತ್ತಿರ ತಾನೂ ಕೂತ. "ಅಕ್ಕಾ, ಮಂದಿ ಸಣ್ಣ ಕೂಸು ಎತ್ತಿಕೊಂಡು ಬರ್ತಾರ. ಕಡೀತಂದ್ರ ಯಾರು ಜವಾಬ್ದಾರಿ? ನಿನ್ನ ತಮ್ಮ ಜೇಲಿಗಿ ಹೋಗ್ಲೇನು? ಪಂಚಮಿ ಒಂದು ದಾಟ್ಲಿ. ನಾಡದು ದಾರ ತೆಗಸ್ತೇನಿ. ನಿನ್ನಾಣಿ."

"ಇವತ್ತೇ ತೆಗಸು. ಇವತ್ತು ಕತ್ತರಿ ಹಿಡದ್ರ ದೋಷ ಇಲ್ಲ. ಹೋಗ್ಲಿ, ಜರಾ ನೀರರೆ ಇಡಸು."

"ನೀರು ಕುಡದ್ರ ನಾಳಿ ಹಾಲು ಮೂಸಿ ನೋಡಂಗಿಲ್ಲ ಅದು. ಊರ ಮಂದಿ ಮುಂದ ನನ್ನ ಮಾನ ಕಳೀಬ್ಯಾಡಕ್ಕಾ." ಅವಳ ಪಾದ ಮುಟ್ಟಿದ. "ಮೊದಲಿನ ಹಾಲು ನಿಂದೇ. ನೀ ಎರದ ಮ್ಯಾಲೇ ಮಂದಿ ಎರೀಬೇಕು. ನೀ ಉಪವಾಸ ಮಾಡೀದಿ ಅಂತ ನಾ ಇಷ್ಟು ಬೆಳದೀನಿ, ನನಗ ಗೊತ್ತಿಲ್ಲೇನು?"

ಅಷ್ಟಕ್ಕೆ ಅಕ್ಕ ಕರಗಿಹೋದಳು. ಕರಗಬಾರದಿತ್ತು. ಆಮೇಲೆ ಮನಸ್ಸು ತಡೆಯದೆ ಎದ್ದು ಅಡುಗೆಮನೆಗೆ ಹೋಗಿ ಕತ್ತರಿ ಕೇಳುವಷ್ಟರಲ್ಲಿ ಹೊತ್ತು ಮುಳುಗಿತ್ತು. ಭಾಲಚಂದ್ರನ ಹೆಂಡತಿ ಮಂಜಿರಿ, "ಈಳಿಗಿ, ಕತ್ತರಿ ಎಲ್ಲಾ ಗಂಟು ಕಟ್ಟಿ ಅಟ್ಟದ ಮ್ಯಾಲ ಇಟ್ಟೀನ್ರಿ ಅಕ್ಕಾರ. ಇನ್ನ ನಾಡದೇ ಇಳಸೋದು" ಎಂದಳು.

ಪಂಚಮಿಯ ಮುಂಜಾನೆ ಜಿಟಿಜಿಟಿ ಮಳೆ. ಪ್ರಮಿಲಾ ಮಿಂದು ಮಡಿಯುಟ್ಟು ಎಲ್ಲರಿಗಿಂತ ಮೊದಲೇ ಆಟೋ ಹಿಡಿದು ನಾಗಲೋಕಕ್ಕೆ ಬಂದಳು. ಗೇಟು ತೆರೆದಿರಲಿಲ್ಲ. ನಜಮೋದ್ದೀನ ಅವಳನ್ನು ಪಕ್ಕದ ಬಾಗಿಲಿನಿಂದ ಒಳಗೆ ಬಿಟ್ಟ.

"ನಸುಕಿನಿಂದ ಹೆಡಿ ಎತ್ತಿಲ್ರಿ ಅದು" ಎಂದ. ಜೇಬಿನಿಂದ ಒಂದು ಸಣ್ಣ ಕತ್ತರಿ ತೆಗೆದು ಅವಳ ಮುಂದೆ ಹಿಡಿದ. "ಸಾವಕಾರ್ರು ಬರ್ಲಿಕ್ಕ ಇನ್ನಾ ಟೈಮ್ ಅದ. ನಾ ತಲಿ ಗಟ್ಟಿ ಹಿಡೀತೇನಿ, ನೀವು ದಾರ ಕತ್ತರಿಸ್ರಿ. ಅರ್ಧ ಮಿನಿಟಿನ ಕೆಲಸ. ನೀರು ಕುಡಿಸಿ ಹಿಂದಿನ ಹಳ್ಳಕ್ಕ ಬಿಟ್ಟು ಬಂದುಬಿಡ್ತೇನಿ."

"ನೀನೇ ಯಾಕ ಕತ್ತರಿಸಬಾರದು?"

"ನಾ ಕತ್ತರಿಸಿದ್ರ ನನ್ನ ನೌಕರಿ ಹೋಗ್ತದರಿ. ನಿಮಗ ಯಾರು ಏನಂತಾರ? ನೀವು ಅವರ ಅಕ್ಕ."

ಹೊಲಿಯುವಾಗ ಯಾರ ಅಪ್ಪಣೆಯನ್ನೂ ಅವನು ಎರಡನೇ ಸಲ ಕೇಳಿರಲಿಲ್ಲ, ಬಿಚ್ಚುವಾಗ ಮಾತ್ರ ಅವನಿಗೆ ಬೇರೆಯವರ ಕೈ ಬೇಕಾಗಿತ್ತು. ಆದರೂ ಕತ್ತರಿ ಚಾಚಿದವನು ಅವನೊಬ್ಬನೇ. ಪೆಟ್ಟಿಗೆಯ ಮುಚ್ಚಳ ಸರಿಸಿ ಹಾವಿನ ತಲೆ ಹಿಡಿದ. ಅದು ಒದ್ದಾಡಲಿಲ್ಲ. ಹೊಲಿಗೆಯ ಸಂದಿನಿಂದ ನಾಲಗೆ ಹೊರಬಂದು, ಒಣಗಿದ ಬಟ್ಟಲಿನ ಕಡೆ ಆಡಿ, ಒಳಗೆ ಹೋಯಿತು.

ಪ್ರಮಿಲಾ ಕತ್ತರಿ ಕೈಗೆ ತೆಗೆದುಕೊಂಡಳು. ಬೆರಳು ಹಿಡಿಯೊಳಗೆ ಹೋದವು. ಹೋದ ಕ್ಷಣವೇ ಸಂತಪುರದ ಅಡುಗೆಮನೆ ಕಣ್ಣಿಗೆ ಕಟ್ಟಿತು, ಈಳಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಅವ್ವ, ಹೀರೇಕಾಯಿಯ ಬಿಳಿ ಹೋಳು. ಭಾಲಚಂದ್ರ ಈಗ ಮನೆಯಿಂದ ಹೊರಟಿರುತ್ತಾನೆ. ಮಳೆಯ ರಸ್ತೆ, ತೊಗರಿ ಲಾರಿಗಳು, ಅವನ ಗಾಡಿಯ ವೇಗ. ಎದುರಿಗಿದ್ದ ಜೀವಕ್ಕಿಂತ ಎದುರಿಗಿಲ್ಲದ ಭಯ ದೊಡ್ಡದಾಯಿತು.

"ಇವತ್ತು ಪಂಚಮಿ" ಎಂದಳು. "ಇವತ್ತು ಕಬ್ಬಿಣ ಮುಟ್ಟಬಾರದು. ನಾಳಿ ಬೆಳಗಾಗೋದ್ರಾಗ ನಾನೇ ಬಂದು ಕತ್ತರಿಸ್ತೇನಿ. ಒಂದೇ ದಿನ."

ನಜಮೋದ್ದೀನ ಅವಳ ಮುಖವನ್ನೇ ನೋಡಿದ. "ಅಕ್ಕಾರ, ನಿಮ್ಮ ಹಬ್ಬ ಹಾವಿಂದೇ ಅಲ್ರಿ?"

ಅವಳು ಕತ್ತರಿಯನ್ನು ಅವನಿಗೆ ವಾಪಸು ಚಾಚಿದಳು. ಅವನು ಹಾವನ್ನು ಬಿಟ್ಟು, ಕತ್ತರಿ ಮಡಚಿ ಜೇಬಿಗೆ ಹಾಕಿಕೊಂಡು ಮುಚ್ಚಳ ಎಳೆದ.

ಗೇಟು ತೆರೆಯಿತು, ಸಾಲು ರಸ್ತೆಯವರೆಗೆ ಹೋಯಿತು. ಬೀದರಿನ ಹೊಸ ಸೊಸೆಯರು, ಭಾಲ್ಕಿಯಿಂದ ಜೀಪು ಮಾಡಿಕೊಂಡು ಬಂದ ಮುದುಕಿಯರು, ಕೈಯಲ್ಲಿ ಹಾಲಿನ ಗಿಂಡಿ, ಜೋಳದ ಅರಳು. ಎಲ್ಲರೂ ಹಿಂದಿನ ದಿನ ಹಸಿದವರೇ, ಎಲ್ಲರ ಮನಸ್ಸಿನಲ್ಲೂ ಒಬ್ಬ ಅಣ್ಣ, ಒಬ್ಬ ತಮ್ಮ. ಹಾವಿಗೆ ಕೇಡು ಬಯಸಿದವಳು ಆ ಸಾಲಿನಲ್ಲಿ ಒಬ್ಬಳೂ ಇರಲಿಲ್ಲ. ಹೂವಿನ ಮಂಟಪದಲ್ಲಿ ಹಿತ್ತಾಳೆಯ ಅಗಲ ತಟ್ಟೆಯಂಥ ಪರಾತ, ಪರಾತದಲ್ಲಿ ನಾಗಪ್ಪ. ನೆತ್ತಿಗೆ ಅರಿಶಿನ ಕುಂಕುಮ ಬಳಿದು ಬಳಿದು ಅದರ ಕಣ್ಣು ಮುಚ್ಚಿಹೋಗಿದ್ದವು, ತುಟಿಯ ಹೊಲಿಗೆಯೂ ಅದರಡಿ ಮುಚ್ಚಿಹೋಗಿತ್ತು.

ಭಾಲಚಂದ್ರ ಮೈಕಿನಲ್ಲಿ ಅಕ್ಕನ ಹೆಸರು ಕರೆದ. ಅವಳು ಬೆಳ್ಳಿ ಬಟ್ಟಲು ಬಾಗಿಸಿದಳು. ಹಾಲಿನ ತಂಪು ತಾಗಿದ್ದೇ ಹಾವು ಮೂತಿಯನ್ನು ಅದರಲ್ಲಿ ಒತ್ತಿ, ಗಂಟಲು ಕುಣಿಸಿ ಎಳೆದುಕೊಂಡಿತು. "ಕುಡದ! ನಾಗಪ್ಪ ಕುಡದ!" ಎಂದು ಮಂಟಪದಲ್ಲಿ ಗದ್ದಲವೆದ್ದಿತು. ಪ್ರಮಿಲಾಳಿಗೂ ಒಂದು ಕ್ಷಣ ಜೀವ ತಂಪಾಯಿತು, ಅಷ್ಟಾದರೂ ದಾಹ ತೀರಿತಲ್ಲ ಎಂದು. ಅವಳು ಅಲ್ಲಿಯೇ ಕೂತು ಕಡಬು ಮುರಿದು ಬಾಯಿಗೆ ಹಾಕಿಕೊಂಡು ಉಪವಾಸ ಬಿಟ್ಟಳು.

ಅವಳ ಹಿಂದೆ ಇನ್ನೊಬ್ಬಳು ಎರೆದಳು. ಅವಳ ಹಿಂದೆ ಮತ್ತೊಬ್ಬಳು. ಹಾವು ಕುಡಿಯುವುದನ್ನು ನಿಲ್ಲಿಸಿದ ಮೇಲೂ ಎರೆಯುವುದು ನಿಲ್ಲಲಿಲ್ಲ. ತಲೆಯನ್ನು ಪರಾತದಿಂದ ಎತ್ತಲು ನೋಡಿತು, ನಜಮೋದ್ದೀನ ಒತ್ತಿ ಹಿಡಿದ. ಸಂದಿನಿಂದ ಹಾಲು ನೊರೆಯಾಗಿ ವಾಪಸು ಬಂತು. ಮಧ್ಯಾಹ್ನದ ಹೊತ್ತಿಗೆ ಅದು ಹಾಲಿನಲ್ಲಿ ಹೆಡೆಯಿಟ್ಟು ಮಲಗಿಬಿಟ್ಟಿತು. "ನಾಗಪ್ಪ ತೃಪ್ತ ಆಗ್ಯಾನ, ಜರಾ ಆರಾಮ ಮಾಡ್ಲಿಕತ್ತಾನ" ಎಂದು ಮೈಕಿನಲ್ಲಿ ಭಾಲಚಂದ್ರ ಹೇಳಿದ್ದಕ್ಕೆ ಜನ ಚಪ್ಪಾಳೆ ತಟ್ಟಿದರು. 'ನಾಳಿ, ನಾಳಿ ಮುಂಜಾನಿ' ಎಂದು ಪ್ರಮಿಲಾ ತನಗೆ ತಾನೇ ಹೇಳಿಕೊಂಡಳು.

ಮರುದಿನ ಎದ್ದು ಅಡುಗೆಮನೆಗೆ ಬಂದಾಗ ಗಂಟು ಅಟ್ಟದಿಂದ ಇಳಿದಿತ್ತು, ಮಂಜಿರಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. "ಹೋಗೇಬಿಡ್ತಂತರಿ ಅಕ್ಕಾರ, ನಾಗಪ್ಪ" ಎಂದಳು ತಲೆಯೆತ್ತದೆ. "ಇವರು ಆಗಲೇ ಹೋಗ್ಯಾರ. ದೊಡ್ಡದಾಗಿ ಅಂತ್ಯಕ್ರಿಯಾ ಮಾಡ್ತಾರಂತ, ಮಂದಿಗಿ ಮೊಬೈಲ್ನಾಗ ಸುದ್ದಿ ಬಿಟ್ಟಾರ."

ಪ್ರಮಿಲಾ ಗಂಟಿನಿಂದ ಕತ್ತರಿ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು.

ನಾಗಲೋಕದಲ್ಲಿ ನಿನ್ನೆಯಷ್ಟೇ ಜನ. ಅದೇ ಮಂಟಪ, ಹೂವು ಮಾತ್ರ ಹೊಸದು. ಬಾಳೆಲೆಯ ಮೇಲೆ ಹಾವು, ಮೈಮೇಲೆ ರೇಷ್ಮೆ ವಸ್ತ್ರ, ಬದಿಯಲ್ಲಿ ಗಂಧದ ಕಟ್ಟಿಗೆ. ಬದುಕಿದ್ದಾಗ ಒಂದು ಬಟ್ಟಲು ನೀರು ಕಾಣದ ಜೀವಕ್ಕೆ ಈಗ ತಾಮ್ರದ ಕೊಡದಲ್ಲಿ ಗಂಗಾಜಲ. ಬಾಯಿಯ ಸುತ್ತ ಅರಿಶಿನವನ್ನು ದಪ್ಪಗೆ ಮೆತ್ತಿದ್ದರು. ನಜಮೋದ್ದೀನ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ.

ಪ್ರಮಿಲಾ ಜನರನ್ನು ಸರಿಸಿಕೊಂಡು ಹೋಗಿ ಬಾಳೆಲೆಯ ಮುಂದೆ ಕೂತಳು. ಹಾವಿನ ತಲೆಯನ್ನು ಅಂಗೈಯಲ್ಲಿ ಎತ್ತಿ, ಸೆರಗಿನಿಂದ ಅರಿಶಿನ ಒರೆಸಿದಳು. ಕಪ್ಪು ದಾರ ಕಂಡಿತು.

"ನೋಡ್ರಿ ಎಲ್ಲಾರೂ" ಎಂದು ಕೂಗಿದಳು. "ಇದರ ಬಾಯಿ ಹೊಲದಾರ. ನೀರಿಲ್ದೆ ಸಾಯಬಡದಾರ. ನಾವು ಹಾಲು ಹಾಕಿ ಕೊಂದೀವಿ ಇದನ್ನ. ನಾನೂ ಕೊಂದೀನಿ."

ಕತ್ತರಿಯ ತುದಿಯನ್ನು ದಾರದಡಿ ತೂರಿಸಿ ಕಚಕ್ಕೆಂದು ಕತ್ತರಿಸಿದಳು. ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ದಾರ ಎಳೆದಳು. ಬಾಯಿ ಸಡಿಲಾಗಿ ತೆರೆದುಕೊಂಡಿತು. ಒಳಗಿನಿಂದ ನಿನ್ನೆಯ ಹಾಲು ಹೊರಬಂದು ಅವಳ ಅಂಗೈ ತುಂಬಿ ಬಾಳೆಲೆಯ ಮೇಲೆ ಹರಿಯಿತು.

ಪ್ರಮಿಲಾ ತಲೆಯೆತ್ತಿ ನೋಡಿದಳು. ಈಗ ಬೈಯುತ್ತಾರೆ, ಈಗ ಭಾಲಚಂದ್ರನ ಕೊರಳಪಟ್ಟಿಗೆ ಕೈ ಹಾಕುತ್ತಾರೆ. ಹಾಕಲಿ ಎಂದೇ ಅವಳ ಮನಸ್ಸು ಹೇಳುತ್ತಿತ್ತು.

"ಹಾಲು!" ಎಂದಳು ಮುಂದಿದ್ದ ಮುದುಕಿ. "ಯವ್ವಾ, ನಾ ಎರದ ಹಾಲು! ನಾಗಪ್ಪ ಒಪ್ಪಿಕೊಂಡಾನ, ಹೊಟ್ಟ್ಯಾಗ ಇಟ್ಟುಕೊಂಡಾನ!" ಮುದುಕಿ ಬಗ್ಗಿ ಬಾಳೆಲೆಯ ಹಾಲಿನಲ್ಲಿ ಬೆರಳದ್ದಿ ಕಣ್ಣಿಗೆ ಒತ್ತಿಕೊಂಡಳು. ಅವಳ ಹಿಂದಿನವರು ನುಗ್ಗಿದರು.

"ದಾರ ಯಾಕ ಇತ್ತರಿ ಮತ್ತ?" ಎಂದು ನಡುವೆ ಯಾರೋ ಒಬ್ಬರು ಕೇಳಿದ್ದೂ ಉಂಟು.

ಭಾಲಚಂದ್ರ ಮೈಕು ಹಿಡಿದೇ ಇದ್ದ. ಅವನ ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. "ಹೆಣಕ್ಕ ಗದ್ದ ಕಟ್ಟೋದಿಲ್ಲೇನ್ರಿ? ಹಂಗೇ ಇದು, ಅಂತ್ಯಕ್ರಿಯಾದ ಪದ್ಧತಿ. ನಮ್ಮ ಅಕ್ಕಗ ದುಃಖ ತಡೀಲಿಕ್ಕ ಆಗವಲ್ದು. ಮೊದಲಿನ ಹಾಲು ಎರದಾಕಿ ಅಕಿ. ಅಕಿ ಕೈಲೆ ಕುಡದ ಹಾಲನ್ನ ನಾಗಪ್ಪ ಅಕಿ ಕೈಯಾಗೇ ಪ್ರಸಾದ ಮಾಡಿ ಕೊಟ್ಟಾನ!"

ಹೆಂಗಸರು ಪ್ರಮಿಲಾಳ ಕಾಲಿಗೆ ಬೀಳತೊಡಗಿದರು. "ಸುಳ್ಳರಿ, ಸುಳ್ಳು ಹೇಳ್ತಾನ" ಎಂದು ಅವಳು ಅಂದಿದ್ದು ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಹುಡುಗಿ ಅವಳ ಮುಷ್ಟಿ ಹಿಡಿದುಕೊಂಡಳು. "ಆ ದಾರ ನನಗ ಕೊಡ್ರಿ ಅಮ್ಮಾರ. ಕೂಸು ಜ್ವರದಾಗ ಬಿದ್ದು ಬಿದ್ದು ಸೊರಗ್ಯಾದ. ಕೊಳ್ಳಾಗ ಕಟ್ತೇನಿ."

"ಬ್ಯಾಡ ತಂಗಿ. ಇದು ಬಾಯಿ ಹೊಲದ ದಾರ."

"ನಾಗಪ್ಪನ ಬಾಯಾಗಿಂದೇ ಬೇಕ್ರಿ ನನಗ." ಹುಡುಗಿ ಅಳುತ್ತ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ದಾರ ತೆಗೆದುಕೊಂಡು, ಅಲ್ಲಿಯೇ ಕೂಸಿನ ಕೊರಳಿಗೆ ಗಂಟು ಹಾಕಿದಳು.

ಮುಂದಿನ ವರ್ಷ ಉಪವಾಸದ ನಾಗಚೌತಿಯಂದು ಪ್ರಮಿಲಾ ಭಾಲ್ಕಿಯ ಮನೆಯಲ್ಲೇ ಇದ್ದಳು. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು ಹೊಟ್ಟೆ ತುಂಬ ಉಂಡಳು. ಮರುದಿನ ಪಂಚಮಿಯಂದೇ ಅಂಗಳದ ಬಳ್ಳಿಯಿಂದ ಹೀರೇಕಾಯಿ ಕಿತ್ತು ತಂದು, ಈಳಿಗೆ ಹಾಕಿಕೊಂಡು ಕೂತು, ಬೇಕೆಂದೇ ಸಣ್ಣಸಣ್ಣಗೆ ಹೆಚ್ಚಿದಳು. ಸಂಜೆಯ ತನಕ ಫೋನಿನ ಹತ್ತಿರವೇ ಕೂತಿದ್ದಳು.

ಮುಸ್ಸಂಜೆಗೆ ಫೋನು ಬಂತು. ಭಾಲಚಂದ್ರನೇ ಮಾಡಿದ್ದ. ಔರಾದದಲ್ಲಿ ಎರಡನೆಯ ನಾಗಲೋಕ ಅವತ್ತೇ ತೆರೆದಿತ್ತಂತೆ, ಕಾಲಿಡಲು ಜಾಗವಿಲ್ಲದಷ್ಟು ಜನವಂತೆ, ಹೊಸ ನಾಗಪ್ಪನೂ ಚೆನ್ನಾಗಿ ಕುಡಿದನಂತೆ. ನಡುನಡುವೆ ನಗುತ್ತಿದ್ದ.

"ಆರಾಮ ಇದ್ದೀಯಲ್ಲ?" ಎಂದು ಪ್ರಮಿಲಾ ಕೇಳಿದಳು.

"ನನಗೇನಾಗ್ಯಾದಕ್ಕಾ? ಕಲ್ಲಿನಂಗ ಅದೀನಿ. ಎಲ್ಲಾ ನಿನ್ನ ಉಪವಾಸದ ಪುಣ್ಯ."

ಅವಳು ಫೋನು ಇಟ್ಟು ಅಡುಗೆಮನೆಗೆ ಬಂದಳು. ಈಳಿಗೆ ಇಟ್ಟಲ್ಲಿಯೇ ಇತ್ತು. ತಮ್ಮನಿಗೆ ಏನೂ ಆಗಿರಲಿಲ್ಲ. ಹೋದ ಪಂಚಮಿಯಂದು ಆ ದಾರ ಕತ್ತರಿಸಿದ್ದರೂ ಏನೂ ಆಗುತ್ತಿರಲಿಲ್ಲ.